ನಿಘಂಟಿನ ಹಿಂದಿನ ಸಂಸಾರ: ಫರ್ಡಿನಾಂಡ್ ಕಿಟ್ಟೆಲ್

ಕನ್ನಡ ಓದು ಬರಹ ಬಲ್ಲವರಲ್ಲಿ ಕಿಟ್ಟೆಲ್‌ರವರ ಹೆಸರು ಕೇಳದವರು ವಿರಳ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆಯಿದೆ. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ರಚಿಸಿದ ಜರ್ಮನ್ ಪಾದ್ರಿ ಎಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ, ಒಂದು ಅಂಕದ ಪ್ರಶ್ನೆಯನ್ನೂ ಕೇಳುತ್ತೇವೆ. ಆದರೆ ಅವರಿಗೆ ಹೆಂಡತಿ ಮಕ್ಕಳಿದ್ದರೇ, ಅವರ ಬದುಕು ಹೇಗೆ ನಡೆಯಿತು ಎಂದು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಈ ಲೇಖನದಲ್ಲಿ ಆ ಕಡೆಯಿಂದ ಅವರ ಜೀವನವನ್ನು ನೋಡುವ ಪ್ರಯತ್ನ ಮಾಡಿದ್ದೇನೆ.

ಕಿಟ್ಟೆಲ್‌ರವರು 1832ರ ಏಪ್ರಿಲ್‌ನಲ್ಲಿ ಉತ್ತರ ಜರ್ಮನಿಯ ಸಮುದ್ರ ತೀರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿ. ಶಾಲೆಯಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಭಾಷೆಗಳ ಪರಿಚಯವಾಯಿತು. 1850ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ ಸೇರಿ, ಮೂರು ವರ್ಷದ ತರಬೇತಿಯ ನಂತರ 1853ರಲ್ಲಿ ಭಾರತಕ್ಕೆ ಹೊರಟರು. ಆಗ ಅವರ ವಯಸ್ಸು 21. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಆದ್ದರಿಂದ ಆ ಕಾಲದ ಪ್ರಯಾಣ ಎಂತಹದೆಂದು ಊಹಿಸಿಕೊಳ್ಳಬಹುದು. ಅವರ ಮೊದಲ ನೆಲೆ ನಮ್ಮ ಧಾರವಾಡ ಸೀಮೆಯೇ.

ಜನರ ನಡುವೆ ಜನರಂತೆ ಸರಳವಾಗಿ ಇರಬೇಕು, ಬಂಗಲೆಯ ಬದುಕು ಬೇಡ ಎಂಬುದು ತರುಣ ಕಿಟ್ಟೆಲ್‌ರವರ ಹಟವಾಗಿತ್ತು. ಇದು ಮಿಶನ್ನಿನ ಹಿರಿಯರಿಗೆ ರುಚಿಸಲಿಲ್ಲ. ಮಂಗಳೂರು, ನೀಲಗಿರಿ, ಕೊಡಗು ಎಂದು ಅವರ ವಾಸ್ತವ್ಯ ಬದಲಾಗುತ್ತಲೇ ಹೋಯಿತು. ಬಂದದ್ದು ಮತ ಪ್ರಚಾರಕ್ಕೆ, ಆ ಕೆಲಸದಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಕೈಹಿಡಿದದ್ದು ಭಾಷೆ. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದರು. ಇವನ್ನೆಲ್ಲ ಸಾಹಿತ್ಯ ಚರಿತ್ರೆಯ ಪುಸ್ತಕಗಳು ವಿವರವಾಗಿ ಹೇಳುತ್ತವೆ.

ಇನ್ನು ಸಂಸಾರದ ವಿಷಯ. ಬಾಸೆಲ್ ಮಿಶನ್ನಿನಲ್ಲಿ ಮದುವೆ ಎಂಬುದು ಖಾಸಗಿ ಸಂಗತಿಯಾಗಿರಲಿಲ್ಲ. ಹುಡುಗ ಒಂಟಿಯಾಗಿಯೇ ಪರದೇಶಕ್ಕೆ ಹೋಗಬೇಕು, ಕೆಲ ವರ್ಷ ಕೆಲಸ ಮಾಡಿ ತೋರಿಸಬೇಕು, ಆ ಮೇಲೆ ಬಾಸೆಲ್‌ನ ಸಮಿತಿಗೆ ಪತ್ರ ಬರೆದು ಮದುವೆಗೆ ಅನುಮತಿ ಬೇಡಬೇಕು. ಹುಡುಗಿಯ ಮನೆತನ, ಆರೋಗ್ಯ, ನಡತೆ ಎಲ್ಲವನ್ನೂ ಸಮಿತಿಯೇ ವಿಚಾರಿಸುತ್ತಿತ್ತು. ಎಷ್ಟೋ ಹೆಣ್ಣುಮಕ್ಕಳು ವರನ ಮುಖವನ್ನೇ ನೋಡದೆ ಹಡಗು ಹತ್ತುತ್ತಿದ್ದರು, ಬಂದರಿನಲ್ಲಿ ಇಳಿದ ಕೆಲವೇ ದಿನಗಳಲ್ಲಿ ಮದುವೆ. ಯುರೋಪಿನವರೆಲ್ಲ ತಾವೇ ಮೆಚ್ಚಿ ಮದುವೆಯಾಗುತ್ತಾರೆ ಎಂದು ತಿಳಿದ ನಮ್ಮ ವಿದ್ಯಾರ್ಥಿನಿಯರಿಗೆ ಇದು ಆಶ್ಚರ್ಯವೆನಿಸಬಹುದು. ನಮ್ಮ ಅಜ್ಜಿಯರ ಕಾಲದ ಮದುವೆಗೂ ಇದಕ್ಕೂ ಹೆಚ್ಚಿನ ಅಂತರವೇನಿಲ್ಲ. ಒಂದೇ ವ್ಯತ್ಯಾಸ, ನಮ್ಮ ಅಜ್ಜಿಯರಿಗೆ ತವರು ಎತ್ತಿನ ಗಾಡಿಯ ದೂರದಲ್ಲಿತ್ತು.

ಕಿಟ್ಟೆಲ್‌ರವರು 1860ರಲ್ಲಿ ಪೌಲಿನಾ ಐತ್ ಎಂಬುವರನ್ನು ವಿವಾಹವಾದರು. ಆ ದಾಂಪತ್ಯ ನಾಲ್ಕೇ ವರ್ಷ ಉಳಿಯಿತು. 1864ರಲ್ಲಿ ಪೌಲಿನಾ ತೀರಿಕೊಂಡರು. ಮನೆಯಲ್ಲಿ ಎಳೆಯ ಮಕ್ಕಳು ತಾಯಿಯಿಲ್ಲದವರಾದರು.

ಅಂದಿನ ಮಿಶನ್ ಮನೆಗಳಲ್ಲಿ ಇಂಥ ಸಾವು ಅಪರೂಪವಾಗಿರಲಿಲ್ಲ. ಕಾಲರಾ, ಆಮಶಂಕೆ, ಚಳಿಜ್ವರ, ಹೆರಿಗೆಯ ತೊಂದರೆ, ಇವುಗಳಲ್ಲಿ ಯಾವುದಾದರೊಂದು ಕಾದಿರುತ್ತಿತ್ತು. ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದೇ ಆಗ ವೈದ್ಯರೂ ನಂಬಿದ್ದರು. ಅದು ಸೊಳ್ಳೆಯಿಂದ ಹರಡುತ್ತದೆಂಬ ಸತ್ಯವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಗಂಡ ಹಳ್ಳಿ ಸುತ್ತಲು ಹೋದಾಗ ಹೆಂಡತಿ ಅಪರಿಚಿತ ಊರಿನಲ್ಲಿ, ಅರ್ಧಂಬರ್ಧ ಕಲಿತ ಭಾಷೆಯಲ್ಲಿ, ಮನೆ ನಡೆಸಬೇಕಿತ್ತು. ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸುವುದು, ರೋಗಿಗಳಿಗೆ ಔಷಧ ಕೊಡುವುದು ಅವಳ ಪಾಲಿನದೇ. ಸಂಬಳ ಗಂಡನಿಗೆ, ಕೆಲಸ ಇಬ್ಬರಿಗೂ.

1867ರಲ್ಲಿ ಕಿಟ್ಟೆಲ್‌ರವರು ಪೌಲಿನಾರ ತಂಗಿ ಜೂಲಿಯನ್ನು ಮದುವೆಯಾದರು. ಅಕ್ಕ ಸತ್ತ ಮೇಲೆ ತಂಗಿಯನ್ನು ಕೊಡುವ ಪದ್ಧತಿ ನಮ್ಮ ಕಡೆಗೂ ಇದೆ, ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾದರೆ ಒಳ್ಳೆಯದು ಎಂಬುದು ಹಿರಿಯರ ಲೆಕ್ಕಾಚಾರ. ಇಲ್ಲಿ ಒಂದು ಮಾತು ಹೇಳಲೇಬೇಕು. ತನ್ನ ಅಕ್ಕನನ್ನು ನುಂಗಿದ ಅದೇ ಪರದೇಶದ ಸಂಸಾರಕ್ಕೆ ತಲೆಬಾಗಿದ ಆ ಹೆಣ್ಣಿನ ಧೈರ್ಯವನ್ನು ಯಾವ ನಿಘಂಟಿನ ಶ್ರಮಕ್ಕೂ ಕಡಿಮೆಯೆಂದು ನಾನು ಭಾವಿಸುವುದಿಲ್ಲ.

ಮಕ್ಕಳ ವಿಷಯ ಇನ್ನೂ ಕಠಿಣ. ಭಾರತದ ಹವೆಯಲ್ಲಿ ಮಕ್ಕಳು ಉಳಿಯುವುದಿಲ್ಲ, ಉಳಿದರೂ ಯುರೋಪಿನ ಸಂಸ್ಕಾರ ಸಿಗುವುದಿಲ್ಲ ಎಂಬುದು ಮಿಶನ್ನಿನ ಅಭಿಪ್ರಾಯ. ಆದ್ದರಿಂದ 1850ರ ದಶಕದಿಂದ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಬಾಸೆಲ್‌ಗೆ ಕಳಿಸಬೇಕೆಂಬ ನಿಯಮ ಬಂತು. ಅಲ್ಲಿ ಅವರಿಗಾಗಿಯೇ ವಸತಿ ಗೃಹಗಳಿದ್ದವು. ಆರೇಳು ವರ್ಷದ ಕೂಸನ್ನು ಹಡಗು ಹತ್ತಿಸಿದ ತಾಯಿ ಮತ್ತೆ ಅದನ್ನು ನೋಡುವ ವೇಳೆಗೆ ಅದು ಮೀಸೆ ಚಿಗುರಿದ ಹುಡುಗನಾಗಿರುತ್ತಿತ್ತು. ಕೆಲವರು ಮತ್ತೆ ನೋಡಲೇ ಇಲ್ಲ. ಎಷ್ಟೋ ಮಕ್ಕಳಿಗೆ ತಂದೆ ತಾಯಿ ಎಂದರೆ ತಡವಾಗಿ ಬರುವ ಒಂದು ಕಾಗದ ಅಷ್ಟೇ.

ಇದಕ್ಕೆ ಹೆಸರಾಂತ ಉದಾಹರಣೆಯೊಂದಿದೆ. ಮಲಯಾಳಂ ಭಾಷೆಗೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಇದೇ ಬಾಸೆಲ್ ಮಿಶನ್ನಿನವರು. ಅವರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳೆ ವಯಸ್ಸಿನಲ್ಲಿಯೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಭಾರತಕ್ಕೆ ಮರಳಿದರು. ಅವಳು ಮತ್ತೆ ಅವರ ಬಳಿ ಬಂದದ್ದು 1857ರಲ್ಲಿ, ಹದಿನೈದನೇ ವಯಸ್ಸಿಗೆ. ಮುಂದೆ 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸಾಹಿತಿ ಹರ್ಮನ್ ಹೆಸ್ಸೆ ಈ ಮೇರಿಯ ಮಗ.

ಇದನ್ನು ಓದುವಾಗ ನನಗೆ ನಮ್ಮ ಸುತ್ತಲಿನ ಮಕ್ಕಳೇ ನೆನಪಿಗೆ ಬರುತ್ತಾರೆ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಅಬ್ಬಾ ಸೌದಿಯಲ್ಲೋ ದುಬೈಯಲ್ಲೋ ಇರುತ್ತಾರೆ. ಇನ್ನೊಂದು ಕಡೆ ಕಬ್ಬಿನ ಹಂಗಾಮಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ನಮ್ಮ ಸೀಮೆಗೆ ಬರುವ ಕಟಾವು ಕೂಲಿಗಳ ಸಂಸಾರ. ಮಕ್ಕಳನ್ನು ಕರೆತಂದರೆ ಶಾಲೆ ತಪ್ಪುತ್ತದೆ, ಬಿಟ್ಟು ಬಂದರೆ ತಾಯಿ ತಪ್ಪುತ್ತಾಳೆ. ಪಾದ್ರಿಯ ಮನೆಯ ತೊಡಕೂ ಇದೇ ಆಗಿತ್ತು. ಇಂದು ಮೊಬೈಲಿನಲ್ಲಿ ಮುಖವಾದರೂ ಕಾಣುತ್ತದೆ.

1877ರಲ್ಲಿ ಆರೋಗ್ಯ ಕೆಟ್ಟು ಕಿಟ್ಟೆಲ್‌ರವರು ಜರ್ಮನಿಗೆ ಮರಳಿದರು. ಬೇರೆ ಯಾರಾದರೂ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಿಘಂಟು ಅರ್ಧದಲ್ಲಿತ್ತು. ಕನ್ನಡ ಮಾತನಾಡುವ ಜನರಿಲ್ಲದ ಊರಿನಲ್ಲಿ ಕುಳಿತು ಕನ್ನಡದ ಶಬ್ದಗಳನ್ನು ಪರೀಕ್ಷಿಸುವುದು ಹೇಗೆ? 1883ರಲ್ಲಿ, ಐವತ್ತು ದಾಟಿದ ಮೇಲೆ, ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲಿಯೇ ಬಿಟ್ಟು ಒಬ್ಬರೇ ಭಾರತಕ್ಕೆ ಬಂದರು. 1892ರವರೆಗೆ, ಅಂದರೆ ಒಂಬತ್ತು ವರ್ಷ ಇಲ್ಲಿಯೇ ಕಳೆದರು. ಇಲ್ಲಿನ ಪಂಡಿತರನ್ನು ವಿಚಾರಿಸಿದರು, ತಾಳೆಗರಿ ಓದಿದರು, ಗಾದೆಗಳನ್ನು ಕೂಡಿಹಾಕಿದರು. ಆ ಒಂಬತ್ತು ವರ್ಷ ಜೂಲಿ ಮನೆಯ ಭಾರವನ್ನೆಲ್ಲ ಒಬ್ಬರೇ ಹೊತ್ತರು. ಕಿಟ್ಟೆಲ್‌ರವರ ಈ ನಿರ್ಧಾರವನ್ನು ಭಾಷೆಯ ಶಿಕ್ಷಕನಾಗಿ ನಾನು ಮೆಚ್ಚುತ್ತೇನೆ, ಇಬ್ಬರು ಮಕ್ಕಳ ತಂದೆಯಾಗಿ ಮೆಚ್ಚಲು ನನಗೆ ಕಷ್ಟವಾಗುತ್ತದೆ.

ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ತಮಿಳು, ತೆಲುಗು, ಮಲಯಾಳಂ, ತುಳು ಭಾಷೆಗಳ ಸೋದರ ರೂಪಗಳು, ಕವಿಗಳ ಪ್ರಯೋಗಗಳು, ಜನರ ಗಾದೆಗಳು ಎಲ್ಲವೂ ಅದರಲ್ಲಿವೆ. ಉರ್ದು ಓದುವ ನಮ್ಮ ವಿದ್ಯಾರ್ಥಿಗಳು ಅದನ್ನು ಒಮ್ಮೆ ತೆರೆದು ನೋಡಬೇಕು. ಹಿಂದುಸ್ತಾನಿಯಿಂದ, ಮರಾಠಿಯಿಂದ ಕನ್ನಡಕ್ಕೆ ಬಂದ ಶಬ್ದಗಳನ್ನು ಕಿಟ್ಟೆಲ್‌ರವರು ಪರಕೀಯವೆಂದು ಹೊರಗಿಡದೆ, ಗುರುತು ಹಾಕಿ ಒಳಗೆ ಸೇರಿಸಿಕೊಂಡಿದ್ದಾರೆ. ಗಡಿನಾಡಿನವರಾದ ನಾವು ದಿನವೂ ಆಡುವ ಭಾಷೆಯೇ ಅದು. ಮುಖಪುಟದಲ್ಲಿ ಇರುವುದು ಒಂದೇ ಹೆಸರು, ಅವರದು.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ಊರಿನಲ್ಲಿ ನೆಲೆಸಿ ಅವರು ಕನ್ನಡ ವ್ಯಾಕರಣ ಗ್ರಂಥವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ತಮ್ಮ 71ನೇ ವಯಸ್ಸಿನಲ್ಲಿ, ಅವರು ಟ್ಯೂಬಿಂಗನ್‌ನಲ್ಲಿ ನಿಧನರಾದರು. ಪ್ರೊ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಅವರ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಮತ್ತೆ ಪ್ರಕಟಿಸಿತು.