ಗಾಯಾಳುವಿನ ಆಹಾರಕ್ಕೆ ಲೆಕ್ಕ ಕೊಟ್ಟ ಸರ್ ಡೇವಿಡ್ ಕತ್ಬರ್ಟ್‌ಸನ್

ಹಾಸಿಗೆ ಹಿಡಿದವರಿಗೆ ತಿಳಿಗಂಜಿ, ಎಳನೀರು ಕೊಡುವುದು ನಮ್ಮ ಮನೆಗಳ ರೂಢಿ. ಆದರೆ ಬೆಂಕಿಯಿಂದ ತೀವ್ರವಾಗಿ ಸುಟ್ಟವರಿಗೆ ಇಷ್ಟೇ ಸಾಲದು. ಇದರ ಕಾರಣವನ್ನು ಅರಿಯಲು ನೆರವಾದ ಸ್ಕಾಟ್‌ಲೆಂಡಿನ ವಿಜ್ಞಾನಿ ಸರ್ ಡೇವಿಡ್ ಕತ್ಬರ್ಟ್‌ಸನ್ ಅವರನ್ನು ನಾವಿಲ್ಲಿ ಸ್ಮರಿಸುತ್ತಿದ್ದೇವೆ.

1900ರಲ್ಲಿ ಕಿಲ್ಮಾರ್ನಾಕ್‌ನಲ್ಲಿ ಜನಿಸಿದ ಅವರು, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಹಾಗೂ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಅದೇ ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ಜೀವರಸಾಯನ ತಜ್ಞರಾದರು. ಅಲ್ಲಿ ಕಾಲಿನ ಮೂಳೆ ಮುರಿದವರ ಮೂತ್ರವನ್ನು ದಿನದಿನವೂ ಪರೀಕ್ಷಿಸಿದರು. ದೇಹದ ಪ್ರೋಟೀನು ಕರಗಿದಾಗ ಹೊರಬೀಳುವ ಸಾರಜನಕದ ಪ್ರಮಾಣ ಅದರಲ್ಲಿ ಹಲವು ದಿನ ಏರುತ್ತಲೇ ಇತ್ತು. ಗಾಯವಾದ ಜಾಗವೊಂದರಿಂದಲೇ ಅಷ್ಟು ನಷ್ಟವಾಗುವಂತಿರಲಿಲ್ಲ. ಪೆಟ್ಟು ಬಿದ್ದದ್ದು ಕಾಲಿಗಾದರೂ ಇಡೀ ಶರೀರದ ಸ್ನಾಯುಗಳು ಕರಗುತ್ತಿದ್ದವು. 1930ರ ದಶಕದ ಅವರ ಪ್ರಬಂಧಗಳು ಇದನ್ನು ಲೋಕಕ್ಕೆ ತಿಳಿಸಿದವು.

ಗಾಯದ ಬಳಿಕ ಶರೀರವು ಎರಡು ಹಂತಗಳನ್ನು ದಾಟುತ್ತದೆಂದು 1942ರಲ್ಲಿ ಅವರು ವಿವರಿಸಿ, ಅವುಗಳಿಗೆ ಕಡಲಿನ ಇಳಿತ ಮತ್ತು ಭರತದ ಹೆಸರನ್ನಿಟ್ಟರು. ಮೊದಲು ಶರೀರದ ವ್ಯಾಪಾರಗಳು ಕುಗ್ಗುತ್ತವೆ. ಅನಂತರ ಉಕ್ಕೇರಿ ಸ್ವಂತ ಸ್ನಾಯುಗಳನ್ನೇ ಇಂಧನವಾಗಿಸಿಕೊಳ್ಳುತ್ತವೆ. ತೀವ್ರ ಸುಟ್ಟಗಾಯಗಳಲ್ಲಿ ಈ ಎರಡನೆಯ ಹಂತ ಅತ್ಯುಗ್ರ. ಶಕ್ತಿಯ ವ್ಯಯ ಸಾಮಾನ್ಯದ ಸುಮಾರು ಎರಡು ಪಟ್ಟಿಗೇರಬಹುದು. ಆಹಾರ ಸಾಲದಿದ್ದರೆ ಹೊಸ ಚರ್ಮ ಮೂಡುವುದು ನಿಧಾನವಾಗುತ್ತದೆ, ಸೋಂಕು ಎದುರಿಸುವ ಬಲ ಕುಂದುತ್ತದೆ.

1945ರಿಂದ 1965ರವರೆಗೆ ಅವರು ಅಬರ್ಡೀನಿನ ರೋವೆಟ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು; 1957ರಲ್ಲಿ ಸರ್ ಪದವಿ ಪಡೆದರು. ನಿವೃತ್ತಿಯ ನಂತರ ವಿಶ್ರಮಿಸದೆ ಗ್ಲಾಸ್ಗೋಗೆ ಮರಳಿ ಸಂಶೋಧನೆ ಮುಂದುವರಿಸಿದರು. ಕೋಣೆಯನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿಟ್ಟರೆ ಗಾಯಾಳುವಿನ ಪ್ರೋಟೀನು ನಷ್ಟ ತಗ್ಗುವುದನ್ನೂ ಕಂಡುಕೊಂಡರು. 1989ರಲ್ಲಿ ನಿಧನರಾದರು.

ಇಂದು ತೀವ್ರವಾಗಿ ಸುಟ್ಟ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.5ರಿಂದ 2 ಗ್ರಾಂ ಪ್ರೋಟೀನು ಬೇಕೆಂದು ತಜ್ಞರು ಹೇಳುತ್ತಾರೆ. 60 ಕಿಲೋ ತೂಗುವವರಿಗೆ ಅದು 90ರಿಂದ 120 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ, ತಿಳಿಗಂಜಿಯಲ್ಲಿ ಅತ್ಯಲ್ಪ. ಬಾಯಲ್ಲಿ ಇಷ್ಟನ್ನು ತಿನ್ನಲಾಗದವರಿಗೆ ವೈದ್ಯರು ಮೂಗಿನ ನಳಿಕೆಯ ಮೂಲಕ ಬೇಗನೆ ಆಹಾರ ಕೊಡಲಾರಂಭಿಸುವುದು ಇದಕ್ಕಾಗಿಯೇ.

ಆದುದರಿಂದ ನಮ್ಮವರಲ್ಲಿ ಯಾರಿಗಾದರೂ ಇಂತಹ ವಿಪತ್ತು ಒದಗಿದರೆ, ಔಷಧಿಯಷ್ಟೇ ಗಮನವಿಟ್ಟು ಆಹಾರದ ವಿಷಯವನ್ನೂ ವೈದ್ಯರಲ್ಲಿ ವಿಚಾರಿಸೋಣ. ಮನೆಗೆ ಮರಳಿದ ಮೇಲೂ ಅವರು ಹೇಳಿದಷ್ಟು ಕಾಲ ಹಾಲು, ಬೇಳೆ, ಮೊಟ್ಟೆಗಳನ್ನು ಕಡಿಮೆ ಮಾಡದಿರೋಣ.