ಶಿಶುನಾಳದ ಶರೀಫ ಸಾಹೇಬರು

ಹೋದ ವರ್ಷ ಸಂಘದ ರಾಜ್ಯೋತ್ಸವಕ್ಕೆಂದು ನಮ್ಮ ಮಗಳು ಶರೀಫ ಸಾಹೇಬರ ಪದವೊಂದನ್ನು ಬಾಯಿಪಾಠ ಮಾಡುತ್ತಿದ್ದಳು. ಮನೆಯ ಮಾಳಿಗೆ ಸೋರುವ ಆ ಪದವನ್ನು ಕೇಳದ ಕನ್ನಡಿಗರು ವಿರಳ. ರಾಗ ಸರಿಯಾಗಿತ್ತು, ತಾಳವೂ ತಪ್ಪಿರಲಿಲ್ಲ. ಹಾಡಿ ಮುಗಿಸಿದ ಮೇಲೆ, ಪಾಪ, ಅವರ ಮೇಲಿನ ಅಂತಸ್ತಿನವರ ನಲ್ಲಿ ಕೆಟ್ಟಿತ್ತೇ ಎಂದು ಕೇಳಿದಳು. ನಾವು ಮನಸಾರೆ ನಕ್ಕೆವು. ಆದರೆ ರಾತ್ರಿ ಮಲಗಿದಾಗ ಆ ನಗು ಉಳಿಯಲಿಲ್ಲ. ಮುಂಬಯಿಯ ಮೂರನೆಯ ಅಂತಸ್ತಿನಲ್ಲಿ ಹುಟ್ಟಿದ ಕೂಸು ಮಣ್ಣಿನ ಮಾಳಿಗೆಯನ್ನು ಎಲ್ಲಿ ಕಂಡೀತು? ಬ್ಯಾಂಕಿನಲ್ಲಿ ಜಮಾಖರ್ಚು ಬರೆಯುವ ನಮಗೆ ಸಾಹಿತ್ಯದಲ್ಲಿ ಅಧಿಕಾರವಿಲ್ಲ. ಆದರೂ ನಮ್ಮ ಮಗಳಂಥ ಮಕ್ಕಳಿಗಾಗಿ ಆ ಮಹನೀಯರ ಕಥೆಯನ್ನು ತಿಳಿದಷ್ಟು ಹೇಳಲು ಹೊರಟಿದ್ದೇವೆ.

ಶರೀಫ ಸಾಹೇಬರು ಹುಟ್ಟಿದ್ದು 1819ರಲ್ಲಿ, ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ. ಆ ಊರು ಈಗ ಹಾವೇರಿ ಜಿಲ್ಲೆಗೆ ಸೇರಿದೆ. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹುಕಾಲ ಮಕ್ಕಳಿಲ್ಲದ ಈ ದಂಪತಿಗಳು ಹುಲಗೂರಿನ ಸೂಫಿ ಸಂತರ ದರ್ಗಾಕ್ಕೆ ಹರಕೆ ಹೊತ್ತರೆಂದೂ, ಆ ಹರಕೆಯ ಫಲವೇ ಈ ಮಗನೆಂದೂ ಸೀಮೆಯ ಜನರ ನಂಬಿಕೆ. ಪೇಶವೆಯರ ಆಳ್ವಿಕೆ ಮುಗಿದು ಕಂಪನಿ ಸರಕಾರ ಬಂದು ಆಗಿನ್ನೂ ಒಂದೇ ವರ್ಷವಾಗಿತ್ತು. ಧಾರವಾಡ ಸೀಮೆ ಮುಂಬಯಿ ಇಲಾಖೆಗೆ ಸೇರಿತು. ಅಲ್ಲಿಯ ಕಚೇರಿಗಳಲ್ಲೂ ಶಾಲೆಗಳಲ್ಲೂ ಬಹುಕಾಲ ಮರಾಠಿಯದೇ ಮೇಲುಗೈಯಾಗಿತ್ತು. ನಾವಿಂದು ಯಾವ ಏಕೀಕರಣದ ದಿನವನ್ನು ಆಚರಿಸುತ್ತೇವೆಯೋ ಆ 1956ರ ನವೆಂಬರ್ 1ರವರೆಗೆ ಶರೀಫರ ಊರಿಗೂ ಮುಂಬಯಿಯೇ ರಾಜಧಾನಿ!

ಶಿಶುನಾಳಕ್ಕೆ ಹತ್ತಿರದ ಕಳಸ ಎಂಬ ಊರಿನಲ್ಲಿ ಗೋವಿಂದ ಭಟ್ಟರೆಂಬ ಬ್ರಾಹ್ಮಣರಿದ್ದರು. ಜಾತಿಯ ಕಟ್ಟುಗಳನ್ನು ಲೆಕ್ಕಕ್ಕಿಡದ ಮನುಷ್ಯ. ಹುಡುಗ ಅವರ ಬಳಿಗೆ ಬಂದಾಗ, ನಿನ್ನ ತಂದೆ ಯಾರೆಂದು ಭಟ್ಟರು ಕೇಳಿದರಂತೆ. ನಿಮಗೆ ಯಾರೋ ನನಗೂ ಅವನೇ ಎಂಬರ್ಥದ ಉತ್ತರ ಬಂದಿತಂತೆ. ಅಷ್ಟಕ್ಕೇ ಗುರು ಶಿಷ್ಯನಿಗೆ ಒಲಿದರು. ಮುಸಲ್ಮಾನನ ಮಗನನ್ನು ಮನೆಯೊಳಗೆ ಕರೆದುಕೊಂಡರೆಂದು ಇತ್ತ ಬ್ರಾಹ್ಮಣರು ಮುನಿದರು. ಭಟ್ಟನ ಬೆನ್ನು ಹತ್ತಿದನೆಂದು ಅತ್ತ ಮುಸಲ್ಮಾನರೂ ಮುನಿದರು. ಗುರುಶಿಷ್ಯರಿಬ್ಬರೂ ಜಗ್ಗಲಿಲ್ಲ. ಗುರುವು ತನ್ನ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದ ಕಥೆಯನ್ನು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ.

ಶರೀಫರು ಓದು ಮುಗಿಸಿ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರರಾದರು. ಕುಂದಗೋಳದ ಫಾತಿಮಾ ಎಂಬ ಕನ್ಯೆಯೊಡನೆ ಲಗ್ನವಾಯಿತು. ಆದರೆ ಆಕೆ ಒಂದು ಹೆಣ್ಣುಮಗುವನ್ನು ಹೆತ್ತು ಬಹಳ ದಿನ ಬದುಕಲಿಲ್ಲ. ಸಂಸಾರ ಅಲ್ಲಿಗೆ ಮುಗಿಯಿತು. ಮಾಸ್ತರಿಕೆಯನ್ನು ಬಿಟ್ಟರು. ಆಮೇಲೆ ಅವರದು ಗುರುವಿನ ಸಂಗ, ಊರೂರಿನ ಸಂಚಾರ, ಬಾಯಲ್ಲಿ ಪದ. ನವಲಗುಂದದ ನಾಗಲಿಂಗ ಯತಿಗಳು, ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಅದೇ ಕಾಲದವರು. ಅದು ಅನುಭಾವಿಗಳ ಸುಗ್ಗಿಯ ಕಾಲವೆಂದೇ ಹೇಳಬೇಕು.

ಅವರ ಪದಗಳಿಗೆ ವಸ್ತು ಎಲ್ಲಿಂದ ಬಂತು? ಪಂಡಿತರ ಪುಸ್ತಕದಿಂದಲ್ಲ. ಕೋಳಿ, ಕೋಡಗ, ತಂಬೂರಿ, ಹಕ್ಕಿ, ಮುದುಕಿ—ಕಣ್ಣಿಗೆ ಬಿದ್ದದ್ದೆಲ್ಲ ಪದವಾಯಿತು. ಹುಬ್ಬಳ್ಳಿಗೆ ಹತ್ತಿಯ ಗಿರಣಿ ಬಂದಾಗ ಅದನ್ನೂ ಬಿಡಲಿಲ್ಲ. ಆ ಯಂತ್ರದಲ್ಲಿ ಈ ದೇಹವನ್ನೇ ಕಂಡು ಹಾಡಿದರು. ಮೊಹರಂ ಬಂದರೆ ಕರ್ಬಲಾದ ದುಃಖವನ್ನು ಹೇಳುವ ರಿವಾಯತ ಪದಗಳನ್ನು ಕಟ್ಟಿಕೊಟ್ಟರು. ಅವುಗಳನ್ನು ಹಾಡಿ ಕುಣಿಯುವವರಲ್ಲಿ ಹಿಂದೂಗಳೂ ಇದ್ದರು. ಇಂಥ ಮುಸಲ್ಮಾನ ಕವಿ ತನ್ನ ಪದಗಳ ಕೊನೆಗಿಟ್ಟ ಅಂಕಿತವಾದರೂ ಯಾವುದು? ತನ್ನೂರ ಗುಡಿಯ ಬಸವಣ್ಣ, ಆ ಶಿಶುನಾಳಧೀಶನದು.

ಈಗ ಮಗಳ ಪ್ರಶ್ನೆಗೆ ಬರೋಣ. ನಮ್ಮ ಎರೆಭೂಮಿಯ ಮನೆಗಳಿಗೆ ಹೆಂಚಿರಲಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೇ ಕಟ್ಟಿಗೆ, ಅದರ ಮೇಲೆ ಗೇಣುದ್ದ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮೇಲೆ ಹತ್ತಿ, ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ ಬಡಿಯಬೇಕು. ಒಂದು ವರ್ಷ ಮೈಗಳ್ಳತನ ಮಾಡಿದರೆ ಸಾಕು, ಒಳಗೆಲ್ಲ ನೀರು. ಸೋರುವುದು ಮಳೆಯ ತಪ್ಪಲ್ಲ, ಮನೆಯವನ ಅಲಕ್ಷ್ಯ. ಈ ದೇಹವೂ ಮನಸ್ಸೂ ಅಂಥದೇ ಮನೆ. ಕತ್ತಲಾಗುವ ಮುನ್ನ ಮೇಲೆ ಹತ್ತಿ ನೋಡಿಕೊಳ್ಳಿರೆಂಬುದೇ ಆ ಪದದ ಅರ್ಥವೆಂದು ನಾವು ತಿಳಿದಿದ್ದೇವೆ.

1889ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಶರೀಫರು ದೇಹವಿಟ್ಟರು. ಅಂತ್ಯಕ್ರಿಯೆ ಯಾವ ರೀತಿಯದೆಂದು ಮಾತು ಬಂದಾಗ, ಒಂದು ಕಡೆ ಕುರಾನ ಪಠಣ, ಇನ್ನೊಂದು ಕಡೆ ಮಂತ್ರ, ಎರಡೂ ನಡೆದವೆಂದು ಜನ ಹೇಳುತ್ತಾರೆ. ಬದುಕಿದ್ದಾಗ ದೂರವಿಟ್ಟ ಎರಡೂ ಕಡೆಯವರು ಸತ್ತ ಮೇಲೆ ನಮ್ಮವರೆಂದು ಮುಂದೆ ಬಂದರು. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಎರಡೂ ಮತದವರು ಕೈಮುಗಿಯುತ್ತಾರೆ.

ಅವರ ಪದಗಳು ಅಚ್ಚಾದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಅವುಗಳನ್ನು ಕಾಪಾಡಿದವರು ಭಜನೆಯ ಮೇಳದವರು, ಏಕತಾರಿ ಹಿಡಿದ ಹಾಡುಗಾರರು, ಬೀಸುವ ಕುಟ್ಟುವ ತಾಯಂದಿರು. ಮುಂದೆ ಸಿ. ಅಶ್ವತ್ಥರು ಆ ಪದಗಳಿಗೆ ಹಾಕಿದ ಧಾಟಿ ಕ್ಯಾಸೆಟ್ಟುಗಳಲ್ಲಿ ಮನೆಮನೆಗೂ ಬಂತು. 1990ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದ ಚಿತ್ರ ಬಂತು. ಶ್ರೀಧರರು ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ನಟಿಸಿದರು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಅದಕ್ಕೆ ದೊರೆಯಿತು.

ಹೀಗೆ ಧಾಟಿ ನಮ್ಮ ಮಕ್ಕಳ ಕಿವಿಗೆ ಬಂದು ಮುಟ್ಟಿದೆ. ಅರ್ಥವನ್ನು ಮುಟ್ಟಿಸುವ ಕೆಲಸ ಮಾತ್ರ ಯಾವ ಕ್ಯಾಸೆಟ್ಟೂ ಮಾಡಲಾರದು, ಅದು ಮನೆಯವರದು. ಜಂತಿ, ತೊಲೆ, ಮಾಳಿಗೆ ಎಂಬ ಮಾತುಗಳನ್ನು ನಾವು ಹೇಳಿಕೊಡದಿದ್ದರೆ ಇನ್ನೊಂದು ತಲೆಮಾರಿಗೆ ಶರೀಫರು ಬರಿಯ ರಾಗವಾಗಿ ಉಳಿದಾರು. ಈ ಸಲ ದೀಪಾವಳಿಯ ರಜೆಯಲ್ಲಿ ಮಗಳನ್ನು ಊರಿಗೆ ಕರೆದೊಯ್ಯಬೇಕೆಂದಿದ್ದೇವೆ. ನಮ್ಮ ಅಜ್ಜನ ಮನೆಯ ಹಿಂಭಾಗದಲ್ಲಿ ಮಣ್ಣಿನ ಮಾಳಿಗೆಯ ಒಂದು ಅಂಕಣ ಇನ್ನೂ ನಿಂತಿದೆ. ನಿಚ್ಚಣಿಕೆ ಇಟ್ಟು ಅವಳನ್ನು ಅದರ ಮೇಲೆ ಹತ್ತಿಸುತ್ತೇವೆ.