ಕೈಲಾಸಂ ಅವರೂ ನಮ್ಮಜ್ಜನೂ
ಹಬ್ಬದೂಟ ಮುಗಿದು ಎಲೆಯಡಿಕೆಯ ತಟ್ಟೆ ಬಂದೊಡನೆ ನಮ್ಮಜ್ಜ ಎಲ್ಲರನ್ನೂ ನಗಿಸುತ್ತಾರೆ. ಮನೆಗೆ ಮೊದಲ ಬಿ.ಎ. ಆಗಲಿರುವ ನಾನು ಪುಸ್ತಕದ ನಗೆಹನಿ ಹೇಳಿದರೆ ಮಕ್ಕಳೂ ನಗುವುದಿಲ್ಲ.

ಈ ಸಂಕಟದಲ್ಲೇ ಟಿ. ಪಿ. ಕೈಲಾಸಂ (1884–1946) ಅವರ ಬಾಳನ್ನು ಓದಿದೆ. ನ್ಯಾಯಾಧೀಶರ ಮಗ, ಮನೆಮಾತು ತಮಿಳು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಕಲಿತು ಬಂದವರು ಸರ್ಕಾರಿ ಕೆಲಸವನ್ನು ಬಿಟ್ಟೇಬಿಟ್ಟರು. ಕೂತು ಬರೆಯುವವರಲ್ಲ, ನಾಟಕವನ್ನು ಅವರು ಬಾಯಲ್ಲಿ ಹೇಳಬೇಕು, ಗೆಳೆಯರು ಬರೆದುಕೊಳ್ಳಬೇಕು. ಮಾತೋ, ಇಂಗ್ಲಿಷ್ ಬೆರೆತ ಬೆಂಗಳೂರಿನ ಮನೆಗಳದೇ.

ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಗೆ ಓದುವ ಪುಟ್ಟು ಟೊಳ್ಳು, ಮನೆಗೆ ಒದಗುವ ಮಾಧು ಗಟ್ಟಿ. ಈ ದೀಪಾವಳಿಯಲ್ಲಿ ಆ ಕಥೆಯನ್ನು ಪುಸ್ತಕ ಹಿಡಿಯದೆ, ಪಾತ್ರಕ್ಕೊಂದು ದನಿ ಮಾಡಿ ಹೇಳಿದೆ. ಮನೆಮಂದಿಯೆಲ್ಲ ನಕ್ಕರು. ಅಜ್ಜ ಮಾತ್ರ ನಗು ತಡೆದು, ನಮ್ಮ ಮನೆಯ ಪುಟ್ಟು ಯಾರೆಂದು ಕೇಳಿದರು.